ಅಕ್ಕಾ, ನಾಯಿ ಕಟ್ಟಿದ್ದೀರಾ?

ಕಾಪುವಿನ ಹತ್ತಿರದ ಒಂದು ಪಂಚಾಯತಿನಲ್ಲಿ ನಾನು ಬಿಲ್ ಕಲೆಕ್ಟರ್ ಆಗಿದ್ದೆ. ಹಗಲಿಡೀ ನಾಯಿಯನ್ನು ಕಟ್ಟಿಹಾಕಬಾರದು ಎಂದು ಒಬ್ಬ ಸದಸ್ಯರು ಸಭೆಯಲ್ಲಿ ಹಟ ಹಿಡಿದರು. "ಕಟ್ಟಿದ ನಾಯಿಯೇ ಹೆಚ್ಚು ಕಚ್ಚುವುದು" ಎಂದರು.

"ಬಿಟ್ಟ ನಾಯಿ ಮುತ್ತು ಕೊಡ್ತದಾ ಮಾರಾಯ್ರೆ?" ಎಂದರು ಇನ್ನೊಬ್ಬರು.

ಚಹಾ ಬಂದ ಮೇಲೆ ನಿರ್ಣಯ ಪಾಸಾಯಿತು. ಮನೆಮನೆಗೆ ಹೋಗಿ ಹೇಳುವ ಕೆಲಸ ಮಾತ್ರ ನನ್ನ ತಲೆಗೆ ಬಿತ್ತು.

ಮೊದಲ ಮನೆಯ ಗೇಟಿನಲ್ಲೇ ನಿಂತು, ನಮ್ಮ ಕಡೆ ಎಲ್ಲರೂ ಕೂಗುವ ಹಾಗೆ ಕೂಗಿದೆ: "ಅಕ್ಕಾ, ನಾಯಿ ಕಟ್ಟಿದ್ದೀರಾ?"

"ಇಲ್ಲ, ಬಿಟ್ಟಿದ್ದೇವೆ. ಎಂತ ವಿಷಯ?"

"ಸ್ವಲ್ಪ ಕಟ್ಟಿ. ನಾಯಿ ಕಟ್ಟಬಾರದು ಅಂತ ಹೇಳ್ಲಿಕ್ಕೆ ಬಂದದ್ದು."

ಆಕೆ ಸರಪಳಿ ಹಿಡಿದು ನನ್ನನ್ನೇ ನೋಡಿದರು. "ಈಗ ಕಟ್ಟಬೇಕಾ, ಬೇಡವಾ?"

ನಾಯಿ ಗೇಟಿನ ಸಂದಿಯಿಂದ ನನ್ನ ಪ್ಯಾಂಟು ಮೂಸುತ್ತಿತ್ತು.

"ಕಟ್ಟಿ ಅಕ್ಕಾ. ನಿರ್ಣಯ ನಾಳೆಯಿಂದ" ಎಂದೆ.

ಮರುದಿನ ನಾನು ರಜೆ ಹಾಕಿದೆ.