ವೈನಿ ಕೇಳಿದ ಪ್ರಶ್ನೆ

ರೊಟ್ಟಿ ಗಂಟಲಲ್ಲಿ ನಿಂತಿತು. ನೀರು ಕುಡಿದೆ, ಇಳಿಯಿತು. ಮರುದಿನ ಅನ್ನವೂ ನಿಂತಿತು.

ತಿಂಗಳು ಕಳೆಯುವುದರೊಳಗೆ ಗಂಜಿಗೆ ಬಂದು ಮುಟ್ಟಿದೆ. ಮೆಹದಿಪಟ್ಟಣಂನ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿದರು. ಎಲ್ಲ ನಾರ್ಮಲ್. ನಾರ್ಮಲ್ ಆದ ಗಂಟಲು ಬಾಳೆಹಣ್ಣನ್ನೂ ಒಳಗೆ ಬಿಡದಿದ್ದರೆ ಅದರ ತಕರಾರಾದರೂ ಏನು? ಹಸಿವಿಗಿಂತ ಆ ಕುತೂಹಲವೇ ನನ್ನನ್ನು ಹೆಚ್ಚು ಕಾಡಿತು.

ಹಿಮಾಯತ್‌ನಗರದ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸಿದರು. ಆಕೆ ತೆಲುಗಿನಲ್ಲಿ ನನ್ನ ಬಾಲ್ಯದ ಬಗ್ಗೆ ಕೇಳಿದರು. ಎರಡು ಸಲ ಮಾತು ಹಾರಿಸಿ, ಆಮೇಲೆ ನಾನೂ ತೆಲುಗಿನಲ್ಲೇ ಹೇಳಿಬಿಟ್ಟೆ. ಸಣ್ಣವನಿದ್ದಾಗ, ಮನೆಗೆ ಬಂದುಹೋಗುತ್ತಿದ್ದ ಒಬ್ಬರು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರು. ಕನ್ನಡದಲ್ಲಿ ಇಷ್ಟು ವರ್ಷ ಬಾಯಿಗೆ ಬಾರದ ಮಾತು, ತರಕಾರಿಯವನ ಹತ್ತಿರ ರೇಟು ಕೇಳುವ ಭಾಷೆಯಲ್ಲಿ ಸಲೀಸಾಗಿ ಬಂತು. ಇದು ನನಗೆ ಇವತ್ತಿಗೂ ಸೋಜಿಗ.

ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಎಂದರು ಡಾಕ್ಟರ್. ಮೇಲಿನ ಮಹಡಿಯಲ್ಲಿರುವ ಅಣ್ಣನಿಗೂ ಅವನ ಹೆಂಡತಿ, ನನ್ನ ವೈನಿಗೂ ಹೇಳಿದೆ. ಅಣ್ಣ ಎದ್ದು ಹೋಗಿ ಕಿಟಕಿ ಹಾಕಿದ.

"ಆಗಿದ್ದು ಆಗಿ ಹೋತು. ಹೊರಗ ಎಲ್ಲೂ ಅನಬ್ಯಾಡ" ಎಂದ. ವೈನಿ ನೆಲ ನೋಡುತ್ತಿದ್ದರು.

ಮರುವಾರದಿಂದ ಅವರ ಮಗಳು ಶ್ರಾವಣಿ ನನ್ನ ಹತ್ತಿರ ಲೆಕ್ಕ ಕಲಿಯಲು ಬರಲಿಲ್ಲ.

ನಾನು ಮದುವೆಯಾಗದವನು. ಆ ಹುಡುಗಿ ಸಂಜೆ ಬಂದು ಗದ್ದಲ ಹಾಕಿ ಹೋಗುವುದೇ ನನ್ನ ಸಂಸಾರ. ಜ್ವರ, ಪರೀಕ್ಷೆ ಎಂದು ದಿನಕ್ಕೊಂದು ನೆಪ ಕೇಳಿಬಂತು. ಡಾಕ್ಟರಿಗೆ ಹೇಳಿದೆ. ಅಂಥದ್ದನ್ನು ಅನುಭವಿಸಿದವರು ಮುಂದೆ ತಾವೂ ಅದನ್ನೇ ಮಾಡುತ್ತಾರೆಂದು ಜನ ನಂಬುತ್ತಾರೆ, ಅದು ತಪ್ಪು ಎಂದರು. ನನಗೆ ಮೈ ಉರಿಯಿತು. ಆದರೂ, ಇಷ್ಟು ವರ್ಷ ನನಗೆ ಕೈಯಾರೆ ಬಡಿಸಿದ ವೈನಿ ಒಂದೇ ಸಂಜೆಯಲ್ಲಿ ನನ್ನನ್ನು ಏನೆಂದುಕೊಂಡರು ಎಂದು ತಿಳಿಯಬೇಕಿತ್ತು. ಮೇಲೆ ಹೋಗಿ ಅವರನ್ನೇ ಕೇಳಿದೆ.

"ವೈನಿ, ನಿಮಗ ನನ್ನ ಅಂಜಿಕಿ ಬಂದೈತೇನ್ರಿ?"

ಹೌದು ಎಂದರು. ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ನಾನು ಎಣಿಸಿರದ ಮಾತೊಂದನ್ನು ಕೇಳಿದರು.

"ಯಾರಂವ?"

ಅಣ್ಣ ಇದನ್ನು ಕೇಳಿರಲಿಲ್ಲ. ಉಪ್ಪಲ್ ಕಾಕಾ ಎಂದೆ. ಉಪ್ಪಲ್ ಬಡಾವಣೆಯಲ್ಲಿರುವ ಅವರು ಅಪ್ಪನ ಗೆಳೆಯರು. ಈಗಲೂ ಹಬ್ಬಕ್ಕೆ ಅಣ್ಣನ ಮನೆಗೆ ಊಟಕ್ಕೆ ಬರುತ್ತಾರೆ, ಶ್ರಾವಣಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.



"ನಾ ಯಾರಿಗಿ ಬಾಗಲಾ ಹಾಕಿದ್ನಿ, ಯಾರಿಗಿ ಎಲಿ ಹಾಕಿದ್ನಿ" ಎಂದರು ವೈನಿ.

ಅಂದೇ ಅಣ್ಣನಿಗೆ ಕಡ್ಡಿ ಮುರಿದಂತೆ ಹೇಳಿದರು, ಆ ಕಾಕಾ ಇನ್ನು ಈ ಮನೆಗೆ ಬರಕೂಡದು ಎಂದು.

ಗಂಟಲು ಪೂರ್ತಿ ಸರಿಹೋಗಿಲ್ಲ. ಮಾತ್ರೆ ನಡೆದಿದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತೇನೆ. ಅಣ್ಣ ಇನ್ನೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಮೊನ್ನೆ ಸಂಜೆ ಶ್ರಾವಣಿ ಲೆಕ್ಕದ ಪುಸ್ತಕ ಹಿಡಿದು ಕೆಳಗೆ ಬಂದಳು. ಅವಳ ಹಿಂದೆ ಕಾವಲಿಗೆ ವೈನಿಯೂ ಬರುತ್ತಾರೇನೋ ಎಂದು ಮೆಟ್ಟಿಲ ಕಡೆ ನೋಡಿದೆ.

ಅವರು ಬರಲಿಲ್ಲ.