ಉಣ್ಣೆಯ ಪಟ್ಟಿ ಮತ್ತು ನನ್ನ ಹಿಮ್ಮಡಿ

ಹಿಮ್ಮಡಿಗೆ ಗಾಯವಾದರೆ ಮನುಷ್ಯ ಯಾವ ಕೆಲಸಕ್ಕೂ ಬರುವುದಿಲ್ಲ. ಕೈಗೆ ಆದರೆ ಬಟ್ಟೆ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡು ತಿರುಗಬಹುದು. ಹಿಮ್ಮಡಿಯನ್ನು ಎಲ್ಲಿಗೆ ಕಟ್ಟುತ್ತೀರಿ? ನನಗೆ ಜಾಲಿಯ ಮುಳ್ಳು ನಟ್ಟಿತ್ತು. ಸೂಜಿಯಿಂದ ನಾನೇ ಕಿತ್ತು ಒಗೆದು ಮರೆತುಬಿಟ್ಟೆ. ಸಕ್ಕರೆ ಕಾಯಿಲೆಯ ಮೈ ಮರೆಯಲಿಲ್ಲ. ಒಳಗೇ ಕೀವು ಕಟ್ಟಿ, ಒಡೆದು, ರೂಪಾಯಿಯಷ್ಟು ಅಗಲ ಬಾಯಿ ಬಿಟ್ಟಿತು.

ನಾವು ಮಹಾರಾಷ್ಟ್ರದ ಮಿರಜಿನ ಹತ್ತಿರದ ಬೇಡಗ ಊರಿನವರು. ಕುರಿಗಳಿವೆ, ಒಂದಿಷ್ಟು ಹೊಲವಿದೆ. ಮಗ ಹಿಂಡು ಹೊಡೆದುಕೊಂಡು ದೂರ ಹೋದಾಗ ಮರಿಗಳನ್ನು ಊರ ಹತ್ತಿರವೇ ಮೇಯಿಸಿಕೊಂಡು ಬರುವುದು ನನ್ನ ಕೆಲಸ. ಕಾಲು ಕೆಟ್ಟ ಮೇಲೆ ಅದೂ ಸೊಸೆಯ ತಲೆಗೆ ಬಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಅವಳು ಹೋಗುವುದನ್ನೂ ಬರುವುದನ್ನೂ ನೋಡಬೇಕು. ಕುಳಿತವಳ ಬಾಯಿ ಸುಮ್ಮನಿರುವುದಿಲ್ಲ. ಮನೆಯಲ್ಲಿ ದಿನಾ ಜಗಳ. ಗಾಯ ಮಾಯಬೇಕು, ಮರಿಗಳ ಹಿಂದೆ ನಡೆಯಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಮಿರಜಿನ ದವಾಖಾನೆಗೆ ಸೊಸೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ಗಾಯ ತೊಳೆದು ಜಾಳಿಗೆಯಂಥ ಬಿಳಿ ಬಟ್ಟೆ ಒತ್ತಿ ಕಟ್ಟುತ್ತಿದ್ದರು. ಕಟ್ಟುವಾಗ ಏನೂ ಇಲ್ಲ. ಬಿಚ್ಚುವಾಗ ಆ ಬಟ್ಟೆ ಗಾಯದ ಮಾಂಸಕ್ಕೇ ಅಂಟಿರುತ್ತಿತ್ತು. ಎಳೆದರೆ ಹೊಸದಾಗಿ ಬಂದ ಚರ್ಮವೂ ಕಿತ್ತು ಬರುತ್ತಿತ್ತು. ನಾನು ಬಾಯಿಗೆ ಬಂದದ್ದು ಬೈಯುತ್ತಿದ್ದೆ. ನರ್ಸು ಮರಾಠಿಯವಳು, ಕನ್ನಡದ ಬೈಗುಳ ತಿಳಿಯದೆ ನಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಡಾಕ್ಟರ್ ಬಾಯಿ, ಅಂದರೆ ಅಲ್ಲಿನ ಡಾಕ್ಟರಮ್ಮ, ಬಂದು, ಗಾಯಕ್ಕೆ ಕಟ್ಟುವ ಹೊಸದೊಂದು ಪಟ್ಟಿ ಬಂದಿದೆ, ಕುರಿಯ ಉಣ್ಣೆಯ ಸತ್ವ ತೆಗೆದು ಮಾಡಿದ್ದು, ಅದರ ಮೇಲೆ ಸಂಶೋಧನೆ ನಡೆದಿದೆ, ನೀವು ಸೇರುತ್ತೀರಾ ಎಂದು ಕೇಳಿದರು. ನನಗೆ ನಗು ಬಂತು. ನಮ್ಮ ಕಡೆಯ ಕರಿ ಉಣ್ಣೆಯನ್ನು ಈಗ ಯಾರೂ ಮೂಸಿ ನೋಡುವುದಿಲ್ಲ. ಕಂಬಳಿ ನೇಯುವವರು ಇಲ್ಲ, ಹೊದೆಯುವವರೂ ಇಲ್ಲ. ಕತ್ತರಿಸಿ ಬದುವಿನ ಮೇಲೆ ಒಗೆಯುತ್ತೇವೆ. ಅದು ಮಿರಜಿಗೆ ಬಂದು ಔಷಧಿ ಆಗಿ ಕುಳಿತಿದೆ ಎಂದರೆ!

"ಸೇರ್ತೀನ್ರಿ" ಎಂದೆ. ಮನೆಯ ಮಾತು ಯಾವುದು ಎಂದು ಕೇಳಿದರು. ಕನ್ನಡ ಎಂದೆ. ಅಲ್ಲಿಂದ ಶುರುವಾಯಿತು ನೋಡಿ.

ನನಗೆ ಮರಾಠಿ ಬರುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ, ತಹಶೀಲಿಯಲ್ಲಿ ಅದೇ ನಡೆಯುತ್ತದೆ. ಆದರೆ ಸಂಶೋಧನೆಯ ಕಾಯಿದೆಯ ಪ್ರಕಾರ ರೋಗಿ ತನ್ನ ಮನೆಯ ಮಾತಿನಲ್ಲೇ ಉತ್ತರ ಕೊಡಬೇಕಂತೆ. ಅದಕ್ಕಾಗಿ ವಿಜಾಪುರದ ಕಡೆಯ ಒಬ್ಬ ಹುಡುಗಿಯನ್ನು ಇಟ್ಟಿದ್ದರು. ಒಂದು ಭಾಷೆಯ ಮಾತು ಇನ್ನೊಂದು ಭಾಷೆಗೆ ಹೋಗುವಾಗ ಏನಾಗುತ್ತದೆ ಎಂಬುದರ ಮೇಲೆ ಆಕೆಯದೇ ಒಂದು ದೊಡ್ಡ ಓದು ನಡೆದಿತ್ತು.

"ಅದಕ್ಕೂ ಸಾಲಿ ಐತೇನವಾ?" ಎಂದು ಕೇಳಿದೆ.

"ಐತಿ ಆಯಿ. ನೀವು ಹೇಳಿದ್ದನ್ನ ಒಂದು ಅಕ್ಷರ ಹೆಚ್ಚಿಲ್ಲ ಕಮ್ಮಿಲ್ಲ ಬಾಯಾರಿಗೆ ಮುಟ್ಟಸೂದು ನನ್ನ ಕೆಲಸ."

"ಬೈದ್ರ?"

"ಬೈದ್ರ ಬೈದಂಗಽ ಮುಟ್ಟಸ್ತೀನಿ."

ಸೊಸೆ ಪಕ್ಕದಿಂದ, "ಹಂಗಾರ ನಿನಗ ಭಾಳ ಕೆಲಸ ಬೀಳ್ತೈತಿ ತಂಗಿ" ಎಂದಳು.

ಆ ಹುಡುಗಿಯೇ ಒಮ್ಮೆ ನನ್ನನ್ನು ಸಾಂಗ್ಲಿಗೆ ಕರೆದುಕೊಂಡು ಹೋಗಿ ಪಟ್ಟಿ ಮಾಡುವ ಜಾಗ ತೋರಿಸಿದಳು. ಕಾಲೇಜಿನ ಹಿಂದಿನ ಒಂದು ಖೋಲಿ. ಗಾಜಿನ ಪಾತ್ರೆಯಲ್ಲಿ ಉಣ್ಣೆಯನ್ನು ಏನೋ ಹಾಕಿ ಕುದಿಸುತ್ತಿದ್ದರು. ಮಳೆಯಲ್ಲಿ ನೆನೆದ ಟಗರಿನ ವಾಸನೆ. ಕರಗಿದ್ದನ್ನು ಸೋಸಿ, ಒಣಗಿಸಿ, ಹಪ್ಪಳದಂಥ ಹಾಳೆ ಮಾಡುತ್ತಾರೆ. ಒಬ್ಬ ಸರ್ ಆ ಹಾಳೆಯನ್ನು ಯಂತ್ರಕ್ಕೆ ಕಚ್ಚಿಸಿ ಹರಿಯುವವರೆಗೂ ಎಳೆಯುತ್ತಿದ್ದರು. ಎಷ್ಟಕ್ಕೆ ಹರಿಯುತ್ತದೆ ಎಂದು ನೋಡಬೇಕಂತೆ. ಆಚೆಯ ಖೋಲಿಯಲ್ಲಿ ಇನ್ನೊಬ್ಬರು ಗಾಜಿನ ತಟ್ಟೆಯಲ್ಲಿ ಚರ್ಮದ ಕಣಗಳನ್ನು ಅದರ ಮೇಲೆ ಬೆಳೆಸುತ್ತಿದ್ದರು. ದುರ್ಬೀನಿನಲ್ಲಿ ಕಣ್ಣಿಟ್ಟು ನೋಡಿದೆ. ಏನೋ ಹುಳದಂತೆ ಕಂಡಿತು. ತಿಳಿಯಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ಜನ ಓದಿದವರು ನನ್ನ ಹಿಮ್ಮಡಿಗಾಗಿ ಹೆಣಗುತ್ತಿದ್ದಾರೆ ಎಂದು ಧೈರ್ಯ ಬಂತು.

ಪಟ್ಟಿ ಕೆಲಸ ಮಾಡಿತು. ಅದನ್ನು ಯಾರ ಮುಂದೆ ಬೇಕಾದರೂ ಈಗ ಹೇಳುತ್ತೇನೆ. ಬಿಚ್ಚುವಾಗ ಲೋಳೆಯಾಗಿ ತಾನೇ ಜಾರಿ ಬರುತ್ತಿತ್ತು, ಚುರುಕ್ ಎನ್ನುತ್ತಿರಲಿಲ್ಲ. ಗಾಯದ ಅಂಚು ಒಳಗೆ ಸರಿಯತೊಡಗಿತು. ನಿದ್ದೆ ಬಂತು. ಸೊಸೆ ನೋಡಿ ಒಳಗೊಳಗೇ ಖುಷಿಪಟ್ಟಳು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಬಾಯಿ ಬಿಡದಿರುವುದು ನಮ್ಮ ರೂಢಿ. ಮರಿ ದುಂಡಗೆ ಬೆಳೆಯುತ್ತಿದ್ದರೆ 'ಚಲೋ ಐತಿ' ಎಂದು ಕುರುಬರು ಯಾರೂ ಅನ್ನುವುದಿಲ್ಲ. ಕೇಳಿದರೆ 'ಏನೋ, ಇನ್ನಾ ಸತ್ತಿಲ್ಲ' ಎನ್ನುತ್ತೇವೆ. ಬಾಣಂತಿಗೂ ಹಾಗೆ, ಕಾಯಿಲೆಗೂ ಹಾಗೆ. ಪೂರ್ತಿ ಮಾಯುವ ಮೊದಲು 'ಆರಾಮ ಆಗೇತಿ' ಅಂದರೆ ಅದು ತಿರುಗಿ ಬರುತ್ತದೆ. ಇದನ್ನು ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ನಾಲಿಗೆ ಆ ಕಡೆ ಹೊರಳುವುದೇ ಇಲ್ಲ.

ದವಾಖಾನೆಗೆ ಹೋದಾಗಲೆಲ್ಲ ಹುಡುಗಿ ಕಾಗದ ಹಿಡಿದು ಕೇಳುತ್ತಿದ್ದಳು:

"ಆಯಿ, ನೋವು ಕಮ್ಮಿ ಆಗೇತೇನ್ರಿ?"

"ಎಲ್ಲಿ ಕಮ್ಮಿ. ಹಂಗಽ ಐತಿ."

"ನಿದ್ದಿ?"

"ನಿದ್ದೀನೂ ಹಂಗಽ."

ಅವಳು ಅಷ್ಟನ್ನೇ, ಒಂದು ಅಕ್ಷರ ಹೆಚ್ಚಿಲ್ಲದೆ ಕಮ್ಮಿಯಿಲ್ಲದೆ, ಮರಾಠಿಯಲ್ಲಿ ಡಾಕ್ಟರ್ ಬಾಯಿಗೆ ಹೇಳುತ್ತಿದ್ದಳು. ಅವರು ಬರೆದುಕೊಳ್ಳುತ್ತಿದ್ದರು. ಅಳತೆಪಟ್ಟಿ ಹಿಡಿದು ಗಾಯವನ್ನೂ ಅಳೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಅಳೆಯುತ್ತಾರಲ್ಲ, ಕಣ್ಣಿದೆಯಲ್ಲ, ಕಾಣುತ್ತದೆ ಎಂದುಕೊಂಡು ನಾನು ನಿಶ್ಚಿಂತಳಾಗಿದ್ದೆ.

ಆಮೇಲೆ ಒಂದು ಸೋಮವಾರ ಡಾಕ್ಟರ್ ಬಾಯಿ ಪಟ್ಟಿ ತರಲಿಲ್ಲ. ಟ್ರೇಯಲ್ಲಿ ಮೊದಲಿನ ಜಾಳಿಗೆ ಬಟ್ಟೆ ಇತ್ತು.

"ಆಜೀ, ಪಟ್ಟೀ ಆತಾ ಬಂದ್" ಎಂದರು. ಪಟ್ಟಿ ಇನ್ನು ಇಲ್ಲ ಎಂದು.

ಯಾಕೆ ಎಂದರೆ, ಹುಡುಗಿ ತಲೆ ತಗ್ಗಿಸಿಕೊಂಡು ವಿವರಿಸಿದಳು. ಗಾಯ ಬಟ್ಟೆಯಿಂದಲೂ ಮಾಯುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೇ. ಈ ಪಟ್ಟಿಯಿಂದ ನೋವು ಕಡಿಮೆಯಾಗುತ್ತದೆಯೋ ಇಲ್ಲವೋ ಎಂಬುದೇ ಸಂಶೋಧನೆ. ಯಾರಿಗೆ ಕೇಳಿದ ಪ್ರತಿ ಸಲವೂ ನೋವು ಹಾಗೇ ಇದೆಯೋ ಅವರಿಗೆ ಪಟ್ಟಿ ನಿಲ್ಲಿಸಿ ಹಳೆಯ ಬಟ್ಟೆಗೆ ಹಾಕಬೇಕು. ಮೊದಲೇ ಗೊತ್ತು ಮಾಡಿದ ಕಾಯಿದೆ ಅದು.

ನಾನು ಹುಡುಗಿಯತ್ತ ತಿರುಗಿದೆ. "ಏ ಹುಡುಗಿ, ನಾ ಕಳಿಸಿದ ಮಾತು ನೀ ಹಂಗಽ ಒಯ್ದು ಹಾಕಿದಿ? ನೀನೂ ನಮ್ಮ ಕಡೀ ಕೂಸು. ನಿಮ್ಮ ಅವ್ವ ನಿನ್ನ ಹಡದಾಗ 'ನನ್ನ ಕೂಸು ಭಾಳ ದುಂಡಗೈತಿ' ಅಂತ ಓಣ್ಯಾಗ ಹೇಳ್ಕೊಂತ ಅಡ್ಡಾಡಿದ್ಲೇನು?"

"ನಾವು ಕುರುಬ್ರಲ್ಲ ಆಯಿ. ನನಗ ಗೊತ್ತಿರಲಿಲ್ಲ. ಗೊತ್ತಿದ್ರೂ ನಾ ಬ್ಯಾರೆ ಹೇಳೂಹಂಗಿಲ್ಲ."

"ಹಂಗಾರ ಈಗ ಹೇಳು. ನೋವು ಕಮ್ಮಿ ಆಗೇತಿ. ಆರಾಮ ಆಗೇತಿ. ನಿದ್ದಿ ಬರ್ತೈತಿ. ಹೇಳು!"

ಹುಟ್ಟಿದ ಮೇಲೆ ಮೊದಲ ಸಲ ಆ ಮಾತು ಆಡಿದೆ, ಅದೂ ದವಾಖಾನೆಯೆಲ್ಲ ಕೇಳುವಂತೆ. ಆಕೆ ಮರಾಠಿಯಲ್ಲಿ ಹೇಳಿದಳು. ಡಾಕ್ಟರ್ ಬಾಯಿ ಕೆಟ್ಟವರಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟರು. ಆದರೆ ಆಗಲಿಲ್ಲ. ಪಟ್ಟಿ ನಿಲ್ಲಿಸುತ್ತೇವೆ ಎಂದ ಮೇಲೆ ಕೊಟ್ಟ ಉತ್ತರವನ್ನು ಹಿಡಿಯುವಂತಿಲ್ಲವಂತೆ. ಪಟ್ಟಿಯ ಆಸೆಗೆ ಎಲ್ಲರೂ ಹಾಗೇ ಹೇಳಬಹುದಲ್ಲ. ಮೊದಲು ಹೇಳಿದ್ದು ಸುಳ್ಳಾಗಿದ್ದಾಗ ನಂಬಿದರು, ಈಗ ನಿಜ ಹೇಳಿದರೆ ಅದು ಆಸೆಯ ಮಾತಾಯಿತು. ಸೊಸೆ ಮರಾಠಿಯಲ್ಲಿ ಜಗಳಕ್ಕೆ ನಿಂತಳು. ನನ್ನ ಮೇಲೆ ದಿನಾ ಹರಿಹಾಯುವವಳು ಅಂದು ನನ್ನ ಪರವಾಗಿ ಆಡಿದ ಮಾತು ಕೇಳಿ ನಾನೇ ಅವಳ ಸೆರಗು ಹಿಡಿದು ಎಳೆಯಬೇಕಾಯಿತು.

"ಸಾಂಗ್ಲಿ ಖೋಲ್ಯಾಗ ಅಷ್ಟೊಂದು ಹಾಳಿ ಒಣಗ್ಯಾವಲ್ಲ, ಒಂದು ಕೊಟ್ರ ಏನ್ ಗಂಟು ಹೋಗ್ತೈತಿ?" ಎಂದು ಸೊಸೆ ಕೊನೆಗೆ ಕನ್ನಡದಲ್ಲೇ ಕೂಗಿದಳು. ಹುಡುಗಿ ಅದನ್ನೂ ಮುಟ್ಟಿಸಿದಳು. ಸಂಶೋಧನೆಯ ವಸ್ತು ಹೊರಗೆ ಕೊಡುವಂತಿಲ್ಲ ಎಂದು ಉತ್ತರ ಬಂತು.

ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕ ಕುಳಿತಿದ್ದ. ಜತ್ತ ಕಡೆಯ ಕುರಿಯವನು, ಬೆರಳಿನ ಗಾಯ, ಅವನಿಗೂ ಅದೇ ಪಟ್ಟಿ. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಕಾಕಾ, ಒಳಗ ಕೇಳಿದ್ರ ಕಮ್ಮಿ ಆಗೇತಿ ಅನ್ರಿ. ಇಲ್ಲಂದ್ರ ಪಟ್ಟಿ ಕಸಕೋತಾರ. ನಂದು ಕಸಕೊಂಡ್ರು."

ಅವನು ತನ್ನ ಬೆರಳನ್ನು ನೋಡಿಕೊಂಡ. "ಕಮ್ಮಿ ಆಗಿರೂದು ಖರೇವ. ಆದ್ರ ಬಾಯಿಲೆ ಹೆಂಗ ಅನ್ನೂದು?"

"ಬಾಯಿಲೇನ ಅನ್ನಬೇಕ್ರಿ. ಮತ್ಯಾತರಲೆ ಅಂತೀರಿ?"

"ನೋಡೂಣು" ಎಂದು ಎದ್ದು ಒಳಗೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಹುಡುಗಿ ಕೇಳಿದಳು. ಅವನು ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು, "ಏನ್ ಹೇಳಲೆವಾ, ಅದಽ ಐತಿ" ಎಂದ. ನನಗೆ ಎದ್ದು ಹೋಗಿ ಅವನ ತಲೆಯ ಪಟಕ ಕಿತ್ತು ಒಗೆಯಬೇಕು ಅನ್ನಿಸಿತು.

ಹುಡುಗಿ ಸುಮ್ಮನೆ ಕೂಡಲಿಲ್ಲ, ಅದನ್ನು ಹೇಳಬೇಕು. ಕೆಲವು ವಾರ ಕಳೆದು ಬೇಡಗಕ್ಕೆ ನಮ್ಮ ಮನೆಗೇ ಬಂದಳು. ಕುರಿಯವರ ಮನೆಯ ಉತ್ತರಗಳನ್ನು ಹೇಗೆ ಹಿಡಿಯಬೇಕು ಎಂದು ದೊಡ್ಡವರಿಗೆಲ್ಲ ಬರೆದಿದ್ದಾಳಂತೆ. ಮುಂದೆ ಸೇರುವವರಿಗೆ ಬೇರೆ ರೀತಿಯಲ್ಲಿ ಕೇಳುತ್ತಾರಂತೆ, ಮನೆಯವರನ್ನೂ ಕೇಳುತ್ತಾರಂತೆ. ಆ ಮುದುಕನ ಪಟ್ಟಿಯೂ ನಿಂತಿತು ಎಂದಳು.

"ನನಗ?" ಎಂದೆ.

"ಒಮ್ಮೆ ಹೊರಗ ಹೋದವರನ್ನ ತಿರುಗಿ ತಗೊಳ್ಳೂದಿಲ್ಲ ಆಯಿ. ಆದ್ರ ನಿಮ್ಮ ಸಂಗತಿ ನನ್ನ ಪ್ರಬಂಧದಾಗ ಒಂದು ಅಧ್ಯಾಯ ಆಗ್ತೈತಿ. ಹೆಸರು ಹಾಕೂದಿಲ್ಲ."

"ನೀ ಅಧ್ಯಾಯ ಬರದ್ರ ನನ್ನ ಹಿಮ್ಮಡಿ ಮಾಯ್ತೈತೇನ?"

"ಇಲ್ರಿ."

ಸುತ್ತಿ ಬಳಸಿ ಹೇಳಲಿಲ್ಲ, ಅದಕ್ಕೆ ಅವಳನ್ನು ಹೊರಗೆ ಹಾಕಲಿಲ್ಲ. ಅಂದು ಬಟ್ಟೆ ಬದಲಿಸುವ ದಿನ. ಸೊಸೆ ಬೆಚ್ಚನೆಯ ಉಪ್ಪುನೀರು ತಂದಳು. ಬೋಗುಣಿ ಹಿಡಿಯಲು ಹುಡುಗಿಗೇ ಹೇಳಿದೆ. ಎಷ್ಟು ನೆನೆಸಿದರೂ ನಡುವೆ ಒಂದು ಕಡೆ ಬಟ್ಟೆ ಅಂಟಿಕೊಂಡೇ ಇತ್ತು. ಹುಡುಗಿ ಬೋಗುಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಳದಲ್ಲಿ ಮರಿಗಳು ಕಟ್ಟಿದಲ್ಲೇ ಒದರುತ್ತಿದ್ದವು, ಸೊಸೆಗೆ ಅವನ್ನು ಬಿಡಲು ಹೊತ್ತಾಗಿತ್ತು. "ಲಗೂ ಎಳಿ" ಎಂದು ಸೊಸೆಗೆ ಹೇಳಿದೆ. ಎಳೆದಳು.