ತಿರುಗಿ ನೋಡದ ಗೇಟ್‌ಮನ್

ಮೀಟರ್ ಗೇಜ್ ಹೋಗಿ ದೊಡ್ಡ ಹಳಿ ಬಂದ ಹೊಸತರಲ್ಲಿ ನಾನು ದಿನಾ ಪಾಂಡವಪುರ ಸ್ಟೇಷನ್ನಿಂದ ಪ್ಯಾಸೆಂಜರು ಹತ್ತಿ ಮೈಸೂರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೊಂದು ರೈಲ್ವೆ ಗೇಟು. ಅಲ್ಲಿನ ಗೇಟ್‌ಮನ್ ಬೀಡಿ ಹಚ್ಚುವಾಗಲೂ ಬಾವುಟವನ್ನು ಕಂಕುಳಲ್ಲೇ ಅವುಚಿಕೊಂಡಿರುತ್ತಿದ್ದ. ಗೇಟು ಹಾಕಿದ ಮೇಲೆ ಯಾರು ಗೋಗರೆದರೂ ಅವನದು ಒಂದೇ ಮಾತು: “ತಡ್ಕಳಪ್ಪ, ಹೋಗೋದು ಹೋಗ್ಬುಡ್ಲಿ.”

ಒಂದು ಬೆಳಿಗ್ಗೆ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಗೇಟು ಹಾಕಿತ್ತು. ಆಟೋವೊಂದು ಬಂದು ನಿಂತಿತು. ಒಳಗೆ ಹೆರಿಗೆ ನೋವಿನಿಂದ ಒಬ್ಬ ಹೆಂಗಸು ಚೀರುತ್ತಿದ್ದಳು. ಅವಳ ಗಂಡ ಕೆಳಗೆ ಹಾರಿ ಕೂಗಿದ: “ಮಾವಾ, ಗೇಟ್ ತೆಗೀರಿ! ನಿಮ್ ಮಗಳು ಸಾಯ್ತಾವ್ಳೆ!”

ಅವಳು ಗೇಟ್‌ಮನ್‌ನ ಮಗಳೆಂದು ನನಗೆ ಗೊತ್ತಾದದ್ದು ಆಗಲೇ. ದೂರದಲ್ಲಿ ಎಂಜಿನ್ನು ಕಾಣುತ್ತಿತ್ತು. ಗೇಟ್‌ಮನ್ ಹಳಿಯತ್ತಲೇ ಮುಖ ಮಾಡಿ ಹಸಿರು ಬಾವುಟ ಚಾಚಿ ನಿಂತುಬಿಟ್ಟ. ಜನ ಬಾಯಿಗೆ ಬಂದಂತೆ ಬೈದರು. “ಮನ್ಸನಾ ಕಲ್ಲಾ ನೀನು?” ಎಂದು ಒಬ್ಬ ಅರಚಿದ. ಅವನು ಅಲುಗಲಿಲ್ಲ. ಕೊನೇ ಬೋಗಿ ದಾಟಿದ ಮೇಲೇ ಗೇಟು ಎತ್ತಿದ. ಆಟೋ ಆಸ್ಪತ್ರೆ ಕಡೆ ಓಡಿತು. ಡ್ಯೂಟಿ ಬಿಟ್ಟು ಅದರ ಹಿಂದೆ ಹೋಗುವಂತೆಯೂ ಇರಲಿಲ್ಲ ಅವನು.

ಸಂಜೆ ನಾನು ವಾಪಸ್ಸು ಬರುವಾಗಲೂ ಅವನು ಅಲ್ಲೇ ಇದ್ದ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಹೇಳಿದ.

“ಒಂದ್ಸಲನಾದ್ರೂ ಮಗಳ ಕಡೆ ತಿರುಗಿ ನೋಡ್ಬಾರ್ದಿತ್ತಾ?” ಎಂದು ಕೇಳಿದೆ.

“ನೋಡಿದ್ರೆ ತೆಗೆದ್ಬುಡ್ತಿದ್ದೆ ಕಣಪ್ಪ,” ಎಂದ.